ಮೂರು ದಿನದೊಳಗೆ

ಬೈಂಡಿಂಗ್ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಮೆಷಿನ್ನು ಹೊಲಿಯಲಾರದಷ್ಟು ದಪ್ಪನೆಯ ನಿಘಂಟೋ ಭೂಪಟದ ಪುಸ್ತಕವೋ ಬಂದರೆ ಅದು ಸೀದಾ ಅವಳ ಮೇಜಿಗೆ ಬರುತ್ತಿತ್ತು. ಮೇಣ ಹಚ್ಚಿದ ದಾರ, ಉದ್ದನೆಯ ಸೂಜಿ, ಮಡಿಸಿದ ಹಾಳೆಗಳ ಕಂತೆ ಹಿಡಿದು ಅವಳು ಕೂತಳೆಂದರೆ ಸಂಜೆಯೊಳಗೆ ಹತ್ತು ಹನ್ನೆರಡು ಪುಸ್ತಕಕ್ಕೆ ಬೆನ್ನು ಮೂಡುತ್ತಿತ್ತು. ಚುಚ್ಚದಂತೆ ಬೆರಳಿಗೆ ಲೋಹದ ಟೋಪಿ ಹಾಕಿಕೋ ಎಂದು ಮೇಸ್ತ್ರಿ ಹೇಳಿ ಹೇಳಿ ಸೋತಿದ್ದ. ಟೋಪಿ ಹಾಕಿದರೆ ದಾರದ ಬಿಗಿ ತಿಳಿಯುವುದಿಲ್ಲ ಎಂಬುದು ಅವಳ ವಾದ. ಹಾಗಾಗಿ ಅವಳ ಎಡಗೈ ತೋರುಬೆರಳಿನ ತುದಿಯಲ್ಲಿ ಯಾವಾಗ ನೋಡಿದರೂ ಮೂರ್ನಾಲ್ಕು ತೂತು, ಹೆಬ್ಬೆರಳಲ್ಲಿ ದಾರ ಕೊಯ್ದ ಒಂದು ಸೀಳು ಇದ್ದೇ ಇರುತ್ತಿತ್ತು. ರಕ್ತ ಬಂದರೆ ಬಾಯಲ್ಲಿಟ್ಟು ಚೀಪುವುದು, ಮತ್ತೆ ಹೊಲಿಯುವುದು.

ಅವಳ ಮೇಜಿನಿಂದ ನಾಲ್ಕು ಹೆಜ್ಜೆಗೆ ಕಟಿಂಗ್ ಮೆಷಿನ್ನು. ಅದನ್ನು ನಡೆಸುವವನು ಅಳತೆ ಮಾಮ. ಐವತ್ತು ದಾಟಿದ ಸಣಕಲು ಆಸಾಮಿ. ಒಂದು ಹಾಳೆ ಕತ್ತರಿಸಬೇಕಾದರೂ ಮೂರು ಸಲ ಅಳೆಯುತ್ತಿದ್ದ. ಒಂಟಿ ಜೀವ. "ಮದುವೆಗೂ ಮೂರು ಸಲ ಅಳೆದು ನೋಡಿರಬೇಕು, ಮೂರು ಸಲಾನೂ ಬೇರೆ ಬೇರೆ ಅಳತೆ ಬಂದಿರಬೇಕು" ಎಂದು ಅಂಟಿನ ಮೇಜಿನ ಹೆಂಗಸು ನಗಾಡುತ್ತಿದ್ದಳು. ಅವಳನ್ನು ಎಲ್ಲರೂ ಅಂಟಿನಕ್ಕ ಅನ್ನುತ್ತಿದ್ದರು. ಕೈಗೂ ಅಂಟು, ಕಂಡವರ ಸುದ್ದಿಗೂ ಅಂಟು. ಅಳತೆ ಮಾಮ ಮಾತ್ರ ನಕ್ಕು ಸುಮ್ಮನಾಗುತ್ತಿದ್ದ.

ಆ ಸೋಮವಾರ ಹನ್ನೊಂದು ಗಂಟೆಗೆ ಅವನು ಮೆಷಿನ್ನಿನ ಅಲಗು ಬದಲಾಯಿಸುತ್ತಿದ್ದ. ಸಾಣೆಗೆ ಕಳಿಸಬೇಕಾದ ಹಳೆಯ ಅಲಗು, ಒಂದು ಮೊಳಕ್ಕಿಂತ ಉದ್ದ. ಬೋಲ್ಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಎತ್ತುವಾಗ ಅದು ಜಾರಿ ಎಡ ಅಂಗೈಯನ್ನು ಮಣಿಕಟ್ಟಿನವರೆಗೆ ಸೀಳಿತು. ಅವನು ಕೂಗಲಿಲ್ಲ. ಅಲಗು ನೆಲಕ್ಕೆ ಬಿದ್ದ ಸದ್ದಿಗೇ ಸೂಜಿ ತಲೆಯೆತ್ತಿದ್ದು. ನೋಡುತ್ತಾಳೆ, ಬಿಳಿ ಹಾಳೆಯ ಕಂತೆಯ ಮೇಲೆ ರಕ್ತ ಧಾರೆ ಕಟ್ಟಿ ಇಳಿಯುತ್ತಿದೆ.

ಅವಳು ಹಿಂದೆಮುಂದೆ ನೋಡಲಿಲ್ಲ. ಓಡಿದವಳೇ ಆ ಗಾಯದ ಮೇಲೆ ತನ್ನ ಅಂಗೈ ಒತ್ತಿದಳು. ಕೈಗೆ ಸಿಕ್ಕಿದ ಬೈಂಡಿಂಗ್ ಬಟ್ಟೆ ಸುತ್ತಿದಳು. ಬಟ್ಟೆ ತೊಯ್ದು ಅವಳ ಬೆರಳ ಸಂದಿಯಿಂದ ರಕ್ತ ಸೋರಿತು.

"ಬಿಡು," ಅಂದ ಅಳತೆ ಮಾಮ. ಮುಖ ಬಿಳಿಚಿಕೊಂಡಿತ್ತು. "ಬಿಡಮ್ಮ, ನಾನೇ ಹಿಡ್ಕೋತೀನಿ. ದೂರ ಹೋಗು."

"ಸುಮ್ನಿರಿ ಮಾಮ. ಬಿಟ್ರೆ ಬಳಬಳ ಸುರಿಯುತ್ತೆ."

ಅವನು ಇನ್ನೊಂದು ಕೈಯಿಂದ ಅವಳನ್ನು ನೂಕಿದ. ನೋವಿಗೆ ಹೀಗಾಡುತ್ತಾನೆ ಎಂದುಕೊಂಡು ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮೇಸ್ತ್ರಿಯ ವ್ಯಾನಿನಲ್ಲಿ ಆಸ್ಪತ್ರೆ ಮುಟ್ಟುವವರೆಗೂ, ಸುಮಾರು ಇಪ್ಪತ್ತು ನಿಮಿಷ, ಆ ಕೈ ಬಿಡಲಿಲ್ಲ. ದಾರಿಯುದ್ದಕ್ಕೂ ಅವನು ಕಣ್ಣು ಮುಚ್ಚಿಕೊಂಡು ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದ. ಪಕ್ಕದಲ್ಲಿ ಮೇಸ್ತ್ರಿ ಇದ್ದ. ಅಳತೆ ಮಾಮ ಮತ್ತೆ ಬಾಯಿ ಮುಚ್ಚುತ್ತಿದ್ದ.

ಸೂಜಿ ಶೆಡ್ಡಿಗೆ ವಾಪಸ್ಸು ಬಂದು ಸೋಪು ಹಾಕಿ ಕೈ ತೊಳೆದಳು. ಎಲ್ಲರೂ ಅವಳನ್ನು ಹೊಗಳಿದರು. ಆ ಸಂಜೆ ಮನೆಗೆ ಹೋಗಿ, ಬಾಗಿಲಲ್ಲೇ ಕೈಚಾಚಿ ಕಾದಿದ್ದ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಹಾಲೂಡಿಸಿದಳು. ತೆವಳುವ ಬದಲು ಕೂತಲ್ಲೇ ಗಿರಗಿರ ತಿರುಗುವ ಮಗುವಿಗೆ ಅಜ್ಜಿ ಇಟ್ಟ ಅಡ್ಡಹೆಸರು ಬುಗುರಿ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಳತೆ ಮಾಮ.

"ಹೇಗಿದೆ ಮಾಮ ಕೈ?"

"ಕೈ ಬಿಡು. ನರ ಕೂಡಿಸಿ ಹೊಲಿಗೆ ಹಾಕಿದ್ದಾರೆ, ಇಲ್ಲೇ ಇಟ್ಕೊಂಡಿದ್ದಾರೆ. ನಿನ್ನ ಹತ್ತಿರ ಯಾರಾದ್ರೂ ಇದ್ದಾರಾ?"

"ಅಂಟಿನಕ್ಕ ಇದ್ದಾಳೆ."

"ಸ್ವಲ್ಪ ಆಚೆ ಹೋಗು."

ಅವಳು ಹಿತ್ತಿಲಿಗೆ, ಕಾಗದದ ಚೂರು ತುಂಬಿದ ಮೂಟೆಗಳ ಹಿಂದೆ ಹೋಗಿ ನಿಂತಳು.

"ನಿನ್ನೆ ನಿನ್ನ ಕೈಲಿ ಗಾಯ ಇತ್ತಾ?"

"ನನ್ನ ಕೈಲಾ? ಸೂಜಿ ಚುಚ್ಚಿದ್ದು ಇದ್ದೇ ಇರುತ್ತಲ್ಲ. ಯಾಕೆ?"

ಅವನು ಒಂದೇ ಉಸಿರಿಗೆ ಹೇಳಿದ. "ನನಗೆ ಎಚ್‌ಐವಿ ಇದೆ. ಎಂಟು ವರ್ಷ ಆಯ್ತು. ಒಂದು ದಿನಾನೂ ತಪ್ಪದೆ ಮಾತ್ರೆ ತಗೋತೀನಿ. ನೀನು ಹೆದರಬೇಡ. ಆದ್ರೆ ಇವತ್ತೇ ಇಲ್ಲಿಗೆ ಬಾ. ಮೊದಲ ಮಹಡಿ, ಕೊನೇ ರೂಮು. ನಿನಗೂ ಮಾತ್ರೆ ಬೇಕಾದ್ರೆ ಕೊಡ್ತಾರೆ. ಮೂರು ದಿನದೊಳಗೆ ಶುರು ಮಾಡಬೇಕಂತೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ನಿನ್ನೆನೇ ಹೇಳಬೇಕಿತ್ತು. ಮೇಸ್ತ್ರಿ ಇದ್ದ. ಆಮೇಲೆ ಆಪರೇಷನ್ನು, ಮತ್ತಿನ ಇಂಜೆಕ್ಷನ್ನು. ಇವತ್ತು ಬೆಳಿಗ್ಗೆಯಿಂದ ಫೋನ್ ಕೈಲಿ ಹಿಡ್ಕೊಂಡು ಕೂತಿದ್ದೀನಿ, ಒತ್ತೋಕೆ ಧೈರ್ಯ ಬರಲಿಲ್ಲ."

ಅವಳು ಫೋನು ಕೆಳಗಿಳಿಸಿದಳು. ತೋರುಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು, ಎರಡು, ಮೂರು. ಮೂರನೆಯ ತೂತು ಸೋಮವಾರ ಬೆಳಿಗ್ಗೆ ಚುಚ್ಚಿದ್ದು, ಅದರಲ್ಲಿ ರಕ್ತವೂ ಬಂದಿತ್ತು. ಹೆಬ್ಬೆರಳಿನ ಸೀಳು ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು.

ಎಚ್‌ಐವಿ ಬಗ್ಗೆ ಅವಳಿಗೆ ಗೊತ್ತಿದ್ದದ್ದಾದರೂ ಎಷ್ಟು? ಶಾಲೆಯ ಗೋಡೆಯಲ್ಲಿ ಒಂದು ಪೋಸ್ಟರ್ ಇತ್ತು. ಅದರಲ್ಲಿ ಒಂದು ತಲೆಬುರುಡೆ, ಕೆಳಗೆ ಕೆಂಪಕ್ಷರ. ಮೇಷ್ಟರು ಆ ಪಾಠ ಬಂದಾಗ ಪುಟ ಮಗುಚಿ, ಮನೇಲಿ ಓದಿಕೊಳ್ಳಿ ಎಂದಿದ್ದರು. ಉಳಿದದ್ದೆಲ್ಲ ಚಿಕ್ಕಂದಿನ ಬೀದಿ ಕಲಿಸಿದ್ದು. ಅಲ್ಲೊಬ್ಬಳು ಬಟ್ಟೆ ಹೊಲಿಯುವ ಹೆಂಗಸಿದ್ದಳು. ಅವಳ ಗಂಡ ಆ ರೋಗದಿಂದ ಸತ್ತ ಮೇಲೆ, ಅವಳು ನೀರು ಹಿಡಿದುಹೋದ ನಲ್ಲಿಯನ್ನು ಜನ ಬೂದಿ ಹಚ್ಚಿ ತೊಳೆದು ಮುಟ್ಟುತ್ತಿದ್ದರು. ಅವಳ ಮನೆ ಮುಂದೆ ಹಾದುಹೋಗುವಾಗ ಉಸಿರು ಬಿಗಿಹಿಡಿದು ಓಡು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಓಡಿದ್ದಳು ಸೂಜಿಯೂ, ಹತ್ತು ವರ್ಷದವಳು, ಮೂಗು ಹಿಡಿದುಕೊಂಡು. ಒಂದು ದಿನ ಆ ಹೆಂಗಸು ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

ಈಗ ಅವಳ ತಲೆಯಲ್ಲಿ ಹಿಂದಿನ ದಿನ ಹಿಂದುಮುಂದಾಗಿ ಓಡತೊಡಗಿತು. ರಕ್ತ ಮೆತ್ತಿದ ಕೈ. ಆ ಕೈಯನ್ನು ಎಷ್ಟು ಹೊತ್ತಿನ ಮೇಲೆ ತೊಳೆದೆ? ಆಮೇಲೆ ಮಗುವಿಗೆ ಹಾಲು ಕೊಟ್ಟೆ. ನಿನ್ನೆ ಸಂಜೆ, ಇವತ್ತು ಬೆಳಗಿನ ಜಾವ, ಕೆಲಸಕ್ಕೆ ಹೊರಡುವಾಗ. ಎಣಿಸುತ್ತ ಎಣಿಸುತ್ತ ಅವಳು ಮೂಟೆಗೆ ಒರಗಿ ವಾಂತಿ ಮಾಡಿಕೊಂಡಳು.

"ಏನಾಯ್ತೇ?" ಅಂಟಿನಕ್ಕ ಕತ್ತು ಚಾಚಿದಳು. "ಇನ್ನೊಂದಾ? ಮೊದಲನೇದಕ್ಕೇ ಇನ್ನೂ ಹಲ್ಲು ಮೂಡಿಲ್ಲ."

"ಊಟ ಹಿಡಿಸಲಿಲ್ಲ."

ಆ ಮಧ್ಯಾಹ್ನವೇ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಅದು ಅವಳ ತಪ್ಪು, ಅವಳಿಗೂ ಗೊತ್ತಿತ್ತು. ಆದರೆ ಕಾಲು ಬರಲಿಲ್ಲ. ಮೊದಲ ಮಹಡಿಯ ಕೊನೇ ರೂಮಿನ ಮುಂದೆ ಕೂತರೆ ಯಾರಾದರೂ ನೋಡುತ್ತಾರೆ. ಒಳಗೆ ಹೋದರೆ ಹೌದು ಅನ್ನುತ್ತಾರೆ. ಹೋಗದೆ ಇದ್ದಷ್ಟು ಹೊತ್ತು ಇಲ್ಲ ಅಂತಲೇ ಇರಬಹುದಲ್ಲ ಎಂದು ಹುಚ್ಚು ಮನಸ್ಸು ಹೇಳಿತು. ಸಂಜೆಯವರೆಗೆ ಹನ್ನೊಂದು ಸಲ ಕೈ ತೊಳೆದಳು. ಅಂಟು ಕರಗಿಸುವ ಸ್ಪಿರಿಟ್ಟಿನಲ್ಲಿ ಬೆರಳು ಅದ್ದಿದಳು. ಸೀಳು ಬೆಂಕಿಯಂತೆ ಉರಿಯಿತು. ಅಷ್ಟು ಉರಿದರೆ ಒಳಗಿದ್ದದ್ದು ಸತ್ತಿರಬಹುದು ಎಂದು ಒಂದು ಗಳಿಗೆ ಅನ್ನಿಸಿತು, ಮರುಗಳಿಗೆ ಆ ಆಸೆಯೂ ಹೋಯಿತು.

ಮನೆಯಲ್ಲಿ ಬುಗುರಿ ಕೈಚಾಚಿತು. ಸೂಜಿ ಎರಡು ಹೆಜ್ಜೆ ಹಿಂದೆ ಸರಿದಳು.

"ಜ್ವರ ಬಂದ ಹಾಗಿದೆ ಅತ್ತೆ. ಇವತ್ತು ಡಬ್ಬಿ ಹಾಲು ಕೊಡಿ."

ಅತ್ತೆ ಬಂದು ಹಣೆ ಮುಟ್ಟಲು ಕೈ ನೀಡಿದರು. ಅವಳು ಅದಕ್ಕೂ ಜಾರಿಕೊಂಡಳು. ಡಬ್ಬಿ ಹಾಲನ್ನು ಮಗು ಉಗುಳಿತು. ಅಜ್ಜಿಯ ತೊಡೆಯಿಂದ ತಾಯಿಯ ಕಡೆಗೆ ಬಾಗಿ ಬಾಗಿ, ಮುಖ ಕೆಂಪಗೆ ಮಾಡಿಕೊಂಡು ಅತ್ತಿತು. ಆ ಅಳುವಿಗೆ ಸೂಜಿಯ ಎದೆ ತಾನಾಗಿ ತೊಟ್ಟಿಕ್ಕಿ ರವಿಕೆ ಒದ್ದೆಯಾಯಿತು. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಹಾಲನ್ನು ಹಿಂಡಿ ನೆಲಕ್ಕೆ ಸುರಿದು ಮೇಲೆ ನೀರು ಹುಯ್ದಳು. ಆಮೇಲೆ ಬ್ರಷ್ಷು ತಗೊಂಡು ಆ ನೆಲವನ್ನೂ ಉಜ್ಜಿದಳು.

ಹೊರಗೆ ಬಂದರೆ ಅತ್ತೆ ಕಾದಿದ್ದರು. "ಏನಾಗಿದೆ ನಿನಗೆ? ಮಗುನ ಕಂಡ್ರೆ ಹಾವು ಕಂಡವಳ ಹಾಗೆ ಹಿಂದೆ ಹೋಗ್ತೀಯ. ಲೋಟ ಬೇರೆ ಇಟ್ಕೊಂಡಿದ್ದೀಯ. ನನ್ನ ಕಣ್ಣು ಮಂಜಾಗಿದೆ, ಕುರುಡಾಗಿಲ್ಲ."

"ನಾಳೆ ಡಾಕ್ಟರ ಹತ್ತಿರ ಹೋಗ್ತೀನಿ ಅತ್ತೆ. ಇವತ್ತು ಏನೂ ಕೇಳಬೇಡಿ."

ಗಂಡ ಲಿಫ್ಟ್ ರಿಪೇರಿಯವನು. ಗ್ರೀಸು ಮೆತ್ತಿದ ಕೈಯಲ್ಲಿ ಬಂದವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮಗುವನ್ನು ಎತ್ತಿಕೊಂಡು ಬೀದಿಗೆ ಹೋದ. ಆ ಮನೆಯಲ್ಲಿ ಅವನ ಉಪಾಯ ಯಾವಾಗಲೂ ಅದೇ.

ಬುಧವಾರ ಬೆಳಿಗ್ಗೆ ಅವಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಕೊನೇ ರೂಮಿನ ಮುಂದೆ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬ ಕಾಲೇಜು ಹುಡುಗಿ ಪಾಠ ಓದುತ್ತಿದ್ದಳು. ಒಬ್ಬ ಮುದುಕ ತೂಕಡಿಸುತ್ತಿದ್ದ. ಅವಳು ಅವರ ಮುಖಗಳಲ್ಲಿ ಏನನ್ನೋ ಹುಡುಕಿದಳು, ಏನೂ ಸಿಗಲಿಲ್ಲ. ಬೆಂಚಿನಲ್ಲಿ ಜಾಗವಿತ್ತು. ಅವಳು ಗೋಡೆಗೂ ಒರಗದೆ ನಿಂತೇ ಇದ್ದಳು.

ಒಳಗೆ ಸಮಾಲೋಚಕಿ ಅಂದರೆ ನಲವತ್ತರ ಆಸುಪಾಸಿನ, ನೆಗಡಿಯಿಂದ ಮೂಗು ಕೆಂಪಾದ ಹೆಂಗಸು. "ಹತ್ತಿರ ಬರಬೇಡಿ, ನನ್ನ ನೆಗಡಿ ನಿಮಗೆ ಅಂಟುತ್ತೆ" ಅಂದರು. ಸೂಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಯಾರೆಂದು ಹೇಳುವ ಮುಂಚೆಯೇ ಆಕೆ ಅಂದರು, "ಬೈಂಡಿಂಗ್ ಕೆಲಸದವರಲ್ವಾ? ನಿನ್ನೆಯಿಂದ ಅವರು ನಾಲ್ಕು ಸಲ ನರ್ಸನ್ನ ಕಳಿಸಿದ್ದಾರೆ, ಬಂದ್ರಾ ಬಂದ್ರಾ ಅಂತ. ತಮ್ಮ ವರದಿ ನಿಮಗೆ ತೋರಿಸಬಹುದು ಅಂತ ಬಲಗೈಲಿ ಬರೆದು ಸಹಿ ಹಾಕಿದ್ದಾರೆ. ಕೂತ್ಕೊಳ್ಳಿ. ಎಷ್ಟು ಹೊತ್ತಿಗೆ ಆಗಿದ್ದು?"

"ಸೋಮವಾರ ಹನ್ನೊಂದಕ್ಕೆ."

"ನಲವತ್ತಾರು ಗಂಟೆ. ನಿನ್ನೆ ಬಂದಿದ್ರೆ ಚೆನ್ನಾಗಿತ್ತು, ಆದ್ರೂ ಇನ್ನೂ ಹೊತ್ತು ಮೀರಿಲ್ಲ. ಎಪ್ಪತ್ತೆರಡು ದಾಟಿದ ಮೇಲೆ ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ."

ಡಾಕ್ಟರು ಬಂದರು, ಎಳೆಯ ವಯಸ್ಸಿನವರು. ಅವಳ ಬೆರಳುಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಹೇಗೆ ಹಿಡಿದಿದ್ದಿರಿ, ಎಷ್ಟು ಹೊತ್ತು, ಯಾವ ಬೆರಳು ಗಾಯದ ಮೇಲಿತ್ತು, ಕಣ್ಣಿಗೆ ಬಾಯಿಗೆ ರಕ್ತ ಹಾರಿತಾ, ಎಲ್ಲ ಕೇಳಿದರು. ಅವಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಅರ್ಧ ಗಂಟೆಯಲ್ಲಿ ಇಲ್ಲ ಎಂದು ಬಂತು. ಅವಳ ಮುಖ ಅರಳುವುದಕ್ಕೆ ಮುಂಚೆಯೇ ಡಾಕ್ಟರು ಹೇಳಿದರು, "ಇದು ಸೋಮವಾರಕ್ಕಿಂತ ಹಿಂದಿನ ಮಾತು. ಸೋಮವಾರ ಏನಾಯ್ತು ಅಂತ ಇದು ಹೇಳಲ್ಲ."

"ಹಾಗಾದ್ರೆ ನನಗೆ ಬಂದಿದೆಯಾ?"

"ಬರೋ ಸಾಧ್ಯತೆ ಬಹಳ ಬಹಳ ಕಡಿಮೆ. ರಕ್ತ ತುಂಬಿದ ಸೂಜಿ ಆಳಕ್ಕೆ ಚುಚ್ಚಿದ್ರೂ, ಮಾತ್ರೆ ತಗೊಳ್ಳದೇ ಇರೋವರ ರಕ್ತ ಆಗಿದ್ರೂ, ಸಾವಿರ ಜನರಲ್ಲಿ ಮೂರು ಜನಕ್ಕೆ ಬಂದರೆ ಹೆಚ್ಚು. ನಿಮ್ಮದು ಚರ್ಮದ ಮೇಲಿನ ಗಾಯ. ಅದಕ್ಕಿಂತಲೂ ಕಡಿಮೆ. ಆದ್ರೆ ಸೊನ್ನೆ ಅಂತ ಇವತ್ತು ನಾನು ಹೇಳಲ್ಲ. ಅವರ ಫೈಲು ಅವರು ಮಾತ್ರೆ ತಗೊಳ್ಳೋ ಬೇರೆ ಕೇಂದ್ರದಲ್ಲಿದೆ, ನಾಳೆ ಬರುತ್ತೆ. ಅದು ಬರೋವರೆಗೆ ಕಾಯೋದು ಬೇಡ, ಮೊದಲ ಮಾತ್ರೆ ಈಗಲೇ ನುಂಗಿ."

ಅವಳು ನುಂಗಿದಳು. ಡಾಕ್ಟರು ಇನ್ನೊಬ್ಬರನ್ನು ನೋಡಲು ಹೋದ ಮೇಲೆ ಅವಳು ಸಮಾಲೋಚಕಿಯ ಕಡೆ ತಿರುಗಿದಳು. ತಡೆದಿಟ್ಟದ್ದೆಲ್ಲ ಬಾಯಿಗೆ ಬಂತು.

"ನಾನು ಅವರ ಲೋಟದಲ್ಲಿ ಟೀ ಕುಡಿದಿದ್ದೀನಿ. ಎಷ್ಟೋ ಸಲ."

"ಅದರಿಂದ ಬರಲ್ಲ."

"ಒಂದೇ ಟವೆಲ್ಲು. ಒಂದೇ ಕಕ್ಕಸು."

"ಬರಲ್ಲ."

"ಬೆವರು? ಎಂಜಲು? ಸೊಳ್ಳೆ ಅವರಿಗೆ ಕಚ್ಚಿ ನನಗೆ ಕಚ್ಚಿದ್ರೆ?"

"ಇಲ್ಲ, ಇಲ್ಲ, ಇಲ್ಲ. ಸೊಳ್ಳೆ ರಕ್ತ ಹೀರುತ್ತೆ, ಒಳಗೆ ಬಿಡೋದಿಲ್ಲ. ಎಚ್‌ಐವಿ ಅನ್ನೋದು ಹೊರಗೆ ಬಂದ್ರೆ ಬಾಳೋ ಜೀವ ಅಲ್ಲ. ಒಬ್ಬರ ಒಳಗಿಂದ ಇನ್ನೊಬ್ಬರ ಒಳಕ್ಕೆ ಸೀದಾ ದಾರಿ ಬೇಕು ಅದಕ್ಕೆ. ಕಾಂಡೋಮ್ ಇಲ್ಲದೆ ಕೂಡೋದು ಒಂದು ದಾರಿ. ರಕ್ತ ರಕ್ತಕ್ಕೆ ಸೇರೋದು ಇನ್ನೊಂದು, ಒಂದೇ ಸಿರಿಂಜು ಇಬ್ಬರು ಚುಚ್ಚಿಕೊಂಡ ಹಾಗೆ." ಆಕೆ ಸೀನಿ, ಮೂಗೊರೆಸಿಕೊಂಡು, ಸ್ವಲ್ಪ ತಡೆದರು. "ಮತ್ತೆ ತಾಯಿಯಿಂದ ಮಗುವಿಗೆ. ಬಸಿರಲ್ಲಿ, ಹೆರಿಗೇಲಿ, ಇಲ್ಲಾ ಎದೆಹಾಲಲ್ಲಿ."

ಲೋಟ, ಟವೆಲ್ಲು, ಸೊಳ್ಳೆ ಒಂದೊಂದೇ ಬಿದ್ದುಹೋಗಿ ಕೊನೆಗೆ ಉಳಿದದ್ದು ಅದೇ. ಅವಳು ಅತಿ ಹೆಚ್ಚು ಹೆದರಿದ್ದು ಮಾತ್ರ ನಿಜವಾಗಿತ್ತು.

"ಸೋಮವಾರ ಸಂಜೆಯಿಂದ ನಿನ್ನೆ ಬೆಳಿಗ್ಗೆವರೆಗೆ ಹಾಲು ಕೊಟ್ಟಿದ್ದೀನಿ," ಅಂದಳು. "ಗೊತ್ತಿಲ್ಲದೆ. ಎಂಟು ತಿಂಗಳು ಅವಳಿಗೆ."

ಸಮಾಲೋಚಕಿ ನೆಗಡಿಯನ್ನು ಮರೆತು ಕುರ್ಚಿಯನ್ನು ಹತ್ತಿರಕ್ಕೆ ಎಳೆದರು. "ಇಲ್ಲಿ ನೋಡಿ. ನನ್ನ ಮುಖ ನೋಡಿ. ವೈರಸ್ ಒಳಗೆ ಹೋಗಿದೆ ಅಂತಲೇ ಇಟ್ಕೊಳ್ಳಿ, ಹೋಗಿಲ್ಲ, ಆದ್ರೂ ಇಟ್ಕೊಳ್ಳಿ. ಅದು ಹೊಕ್ಕ ಜಾಗದಲ್ಲಿ ಬೇರು ಬಿಟ್ಟು, ಬೆಳೆದು, ರಕ್ತಕ್ಕೆ ಇಳಿದು, ಅಲ್ಲಿಂದ ಹಾಲಿಗೆ ಬರೋಕೆ ದಿನಗಟ್ಟಲೆ ಬೇಕು. ಅದು ಬೇರು ಬಿಡೋಕೆ ಮುಂಚೆ ಕೀಳೋಣ ಅಂತಲೇ ಮೂರು ದಿನದ ಗಡುವು. ಸೋಮವಾರದ ಹಾಲಲ್ಲಿ, ನಿನ್ನೆ ಹಾಲಲ್ಲಿ ಅದು ಇರೋ ಮಾತೇ ಇಲ್ಲ. ನಿಮ್ಮ ಮಗು ಕುಡಿದದ್ದು ಹಾಲು ಮಾತ್ರ."

"ಇವತ್ತು?"

"ವರದಿ ಬರೋವರೆಗೆ, ನಾಳೆವರೆಗೆ, ಹಿಂಡಿ ಚೆಲ್ಲಿ. ಬರೀ ಎಚ್ಚರಿಕೆಗೆ. ಹಿಂಡದೆ ಬಿಟ್ರೆ ಕಟ್ಟಿಕೊಂಡು ಜ್ವರ ಬರುತ್ತೆ. ಗಂಡನಿಗೆ ಹೇಳಿದ್ದೀರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಹೇಳಿದರೆ ಯಾರ ರಕ್ತ ಎಂದು ಹೇಳಿದಂತೆಯೇ ಅಲ್ಲವೆ? ಶೆಡ್ಡಿನಲ್ಲಿ ಸೋಮವಾರ ಕೈ ಕೊಯ್ದುಕೊಂಡವನು ಒಬ್ಬನೇ. ಅಳತೆ ಮಾಮ ಎಂಟು ವರ್ಷ ಬಾಯಲ್ಲಿಟ್ಟು ನುಂಗಿದ್ದ ಮಾತನ್ನು ಅವಳಿಗಾಗಿ ಉಗುಳಿದ್ದ. ಫೋನು ಮಾಡದೆ ಸುಮ್ಮನಿದ್ದಿದ್ದರೆ ಅವನನ್ನು ಕೇಳುವವರಾರಿದ್ದರು? ಇದು ಹೊಳೆದದ್ದು ಆಗಲೇ. ಅಲ್ಲಿಯವರೆಗೆ ಅವಳಿಗೆ ಅವನ ಮೇಲೆ ಇದ್ದದ್ದು ಬರೀ ಸಿಟ್ಟು.

ಅವನ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಹೋಗಿ ನೋಡೋಣ ಎಂದು ಮೆಟ್ಟಿಲವರೆಗೆ ಹೋದಳು. ಎರಡು ಮೆಟ್ಟಿಲು ಹತ್ತಿ ನಿಂತಳು. ಇಷ್ಟು ಹೊತ್ತು ಕೇಳಿಸಿಕೊಂಡದ್ದೆಲ್ಲ ತಲೆಯಲ್ಲಿ ಸರಿಯಾಗಿಯೇ ಇತ್ತು, ಕಾಲು ಮಾತ್ರ ಮೇಲೇಳಲಿಲ್ಲ. ಇಳಿದು ಮನೆಗೆ ಹೋದಳು.

ಗಂಡನಿಗೆ ಆ ಸಂಜೆ ಮಹಡಿಯ ಮೇಲೆ, ಒಣಗಿದ ಬಟ್ಟೆ ತೆಗೆಯುವಾಗ ಹೇಳಿದಳು. ಅವನು ಮಗುವಿನ ಪುಟ್ಟ ಅಂಗಿಯನ್ನು ಹಿಡಿದುಕೊಂಡು ನಿಂತಿದ್ದ. ಕೇಳುತ್ತ ಕೇಳುತ್ತ ಅವನಿಗೆ ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿದ. ಅದು ಅವಳ ಕಣ್ಣಿಗೆ ಬಿತ್ತು. ತಾನು ಸರಿದದ್ದು ಅವನಿಗೂ ತಿಳಿಯಿತು.

"ಆ ಕಟಿಂಗ್ ಮೆಷಿನ್ನಿನವನು," ಅಂದ.

"ನಾನು ಹೆಸರು ಹೇಳಿಲ್ಲ."

"ಹೇಳಬೇಕಾ? ಲಿಫ್ಟು ನೋಡೋನು ನಾನು, ದಡ್ಡ ಅಲ್ಲ."

"ಹಾಗಾದ್ರೆ ಗೊತ್ತಿರೋದನ್ನ ನಿಮ್ಮೊಳಗೇ ಇಟ್ಕೊಳ್ಳಿ. ಅತ್ತೆಗೂ ಬೇಡ. ಆ ಮನುಷ್ಯ ನನಗೆ ಹೇಳದೇ ಇರಬಹುದಿತ್ತು."

ಅವನು ಬಹಳ ಹೊತ್ತು ಅಂಗಿಯನ್ನು ಮಡಿಸಿದ, ಬಿಚ್ಚಿದ, ಮಡಿಸಿದ. "ನಿನ್ನೆ ಇಡೀ ದಿನ ನೀನೊಬ್ಬಳೇ ಇದನ್ನ ಹೊತ್ಕೊಂಡು ತಿರುಗಿದ್ಯಾ?"

"ಹೂಂ."

"ಬುಗುರಿಗೆ..." ಅಂದವನು ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ನೋಡಿದ. ಸಮಾಲೋಚಕಿ ಹೇಳಿದ್ದನ್ನು ಅವಳು ಅವನಿಗೆ ಹೇಳಿದಳು, ಬೇರು ಬಿಡುವ ಮಾತು, ದಿನಗಳ ಮಾತು. ಇನ್ನೊಬ್ಬರಿಗೆ ಹೇಳುವಾಗ ಅದು ತನಗೇ ಮೊದಲಿಗಿಂತ ಚೆನ್ನಾಗಿ ತಿಳಿಯಿತು. ಅವನು ಮೂರು ಸಲ ಅದನ್ನೇ ಕೇಳಿದ. ಮೂರು ಸಲವೂ ಹೇಳಿದಳು. ಮೂರನೆಯ ಸಲ ಅವನು ಅವಳ ತೋಳು ಹಿಡಿದುಕೊಂಡ.

ಗುರುವಾರ ಮೂವರೂ ಹೋದರು, ಅವನು, ಅವಳು, ಮಗು. ಫೈಲು ಬಂದಿತ್ತು. ಡಾಕ್ಟರು ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ಇದು ಅವರ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನೋ ಲೆಕ್ಕ. ಹೋದ ತಿಂಗಳದ್ದು. ಹಿಂದಿನ ಏಳು ವರ್ಷದ್ದೂ ಇದೆ. ಎಲ್ಲದರಲ್ಲೂ ಒಂದೇ ಮಾತು, ಮೆಷಿನ್ನಿಗೆ ಕಾಣಿಸದಷ್ಟು ಕಡಿಮೆ. ದಿನಾ ಮಾತ್ರೆ ನುಂಗಿ ಅದನ್ನ ಮಲಗಿಸಿಬಿಟ್ಟಿದ್ದಾರೆ. ಇಂಥವರು ಹೆಂಡತಿ ಜೊತೆ ಕೂಡಿದ್ರೂ ಹೆಂಡತಿಗೆ ಹೋಗಲ್ಲ. ಇನ್ನು ನಿಮ್ಮ ಬೆರಳ ತೂತಿಗೆ ಬರೋ ಸಾಧ್ಯತೆ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಮಾತ್ರೆ ನಿಲ್ಲಿಸಬಹುದು. ಮಗುಗೆ ಹಾಲು ಕೊಡಬಹುದು. ನಿಮ್ಮ ಸಮಾಧಾನಕ್ಕೆ ಆರು ವಾರಕ್ಕೆ ಒಂದ್ಸಲ, ಮೂರು ತಿಂಗಳಿಗೆ ಒಂದ್ಸಲ ಪರೀಕ್ಷೆ ಮಾಡೋಣ."

ಗಂಡ ಹಾಳೆಯನ್ನು ಎತ್ತಿ ನೋಡಿದ. ತಲೆಕೆಳಗಾಗಿ ಹಿಡಿದಿದ್ದ. ಯಾರೂ ಹೇಳಲಿಲ್ಲ.

ಸಮಾಲೋಚಕಿ ಪರದೆ ಎಳೆದು ಮೂಲೆಯ ಕುರ್ಚಿ ತೋರಿಸಿದರು. ಸೂಜಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಎರಡು ದಿನ ದೂರವಿಟ್ಟಿದ್ದಕ್ಕೆ ಮಗು ಮುನಿಸಿಕೊಂಡು ಮುಖ ತಿರುಗಿಸಿತು, ಆಮೇಲೆ ವಾಸನೆ ಹಿಡಿದು ತಡಕಾಡತೊಡಗಿತು. ಸೂಜಿಯ ಕೈ ರವಿಕೆಯ ಗುಂಡಿಯ ಮೇಲೆಯೇ ನಿಂತಿತು. ಡಾಕ್ಟರು ಹೇಳಿದ್ದು ಅರ್ಥವಾಗಿತ್ತು. ಆದರೆ ತಪ್ಪಾಗಿದ್ದರೆ ಎಂಬ ಒಂದು ಮಾತು ಎದೆಯ ಮೇಲೆ ಕೂತು ಏಳಲೇ ಇಲ್ಲ.

"ಆಗ್ತಿಲ್ಲ," ಅಂದಳು.

"ಆಗುತ್ತೆ," ಅಂದರು ಸಮಾಲೋಚಕಿ. "ಅಪಾಯ ಒಂದು ಅಕ್ಕಿಕಾಳಷ್ಟು ಇದೆ ಅನ್ನಿಸಿದ್ರೂ ನಾನು ಬೇಡ ಅಂತಿದ್ದೆ. ನಿನ್ನೆ ಬೇಡ ಅಂದೆ ಅಲ್ವಾ? ಬೇಡ ಅನ್ನೋಕೆ ನನಗೆ ಬಾಯಿ ಬರುತ್ತೆ."

ಆ ಮಾತು ಹಿಡಿಸಿತು. ಅವಳು ಕಣ್ಣು ಮುಚ್ಚಿ ಗುಂಡಿ ಬಿಚ್ಚಿದಳು. ಮಗು ಬಾಯಿ ಹಾಕಿದ ರಭಸಕ್ಕೆ ನೋವಾಯಿತು. ಹಾಲಿಳಿಯುವಷ್ಟು ಹೊತ್ತೂ ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಹೆದರಿಕೆ ಅಲ್ಲಿಗೆ ಮುಗಿಯಿತು ಎಂದು ಹೇಳಿದರೆ ಸುಳ್ಳಾದೀತು. ಮುಂದಿನ ವಾರ ಮಗುವಿಗೆ ಹಲ್ಲು ಬರುವ ಜ್ವರ ಬಂತು. ಸೂಜಿ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಕೊನೇ ರೂಮಿಗೆ ಓಡಿದಳು. ಸಮಾಲೋಚಕಿ ಮಗುವಿನ ಒಸಡು ತೋರಿಸಿ, ಇದನ್ನ ನೋಡೋಕೆ ನಾನು ಬೇಕಿತ್ತಾ ಅಂದರು. ಒಂದು ಸಲ ಅವಳ ಕತ್ತಿನಲ್ಲಿ ಗಂಟು ಕಂಡಂತಾಯಿತು, ಅದು ಬರೀ ಮೊಡವೆ. ಆರು ವಾರದ ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಇಲ್ಲ ಎಂದು ಬಂತು. ಸಮಾಧಾನ ಎರಡು ದಿನ ಇತ್ತು.

ಇದರ ಮಧ್ಯೆ ಅವಳು ಒಂದು ಕೆಲಸ ಮಾಡಿದಳು. ಮೇಸ್ತ್ರಿಯ ಮುಂದೆ ನಿಂತು, ಶೆಡ್ಡಿನಲ್ಲಿ ಗಾಯದ ಪೆಟ್ಟಿಗೆ ಇಡಬೇಕು, ಅದರಲ್ಲಿ ರಬ್ಬರ್ ಕೈಗವಸು ಇರಬೇಕು, ಕಟಿಂಗ್ ಮೆಷಿನ್ನಿನ ಪಕ್ಕದಲ್ಲೇ ನೇತುಹಾಕಬೇಕು ಅಂದಳು.

"ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?"

"ಅವತ್ತು ಬರಿಗೈಲಿ ಹಿಡಿದೆ. ರಕ್ತ ಯಾರದ್ದಾದ್ರೂ ಬರಿಗೈಲಿ ಹಿಡೀಬಾರದಂತೆ. ನಿಮ್ಮದೂ ಸೇರಿ."

ಅಂಟಿನಕ್ಕನ ಕಿವಿ ನೆಟ್ಟಗಾಯಿತು. "ಯಾಕೆ, ಅಳತೆ ಮಾಮಂಗೆ ಏನಾದ್ರೂ ಇದೆಯಾ?"

"ಇದೆ," ಅಂದಳು ಸೂಜಿ. "ಕೈಲಿ ಇಪ್ಪತ್ತೆರಡು ಹೊಲಿಗೆ ಇದೆ." ಮೇಜಿಗೆ ಬಂದು ಕೂತು, ಬೆರಳಿಗೆ ಟೋಪಿ ಹಾಕಿಕೊಂಡಳು. ದಾರದ ಬಿಗಿ ಸರಿಯಾಗಿ ತಿಳಿಯಲಿಲ್ಲ. ಆದರೂ ಹಾಗೇ ಹೊಲಿದಳು.

ಅಳತೆ ಮಾಮ ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದ. ಎಡಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಅವಳತ್ತ ನೋಡದೆ ತನ್ನ ಮೆಷಿನ್ನಿನ ಮುಂದೆ ನಿಂತ. ಅವಳೂ ಹೋಗಿ ಮಾತಾಡಿಸಲಿಲ್ಲ. ಏನೆಂದು ಮಾತಾಡಿಸುವುದು? ಒಂದು ತಿಂಗಳು ಇಬ್ಬರೂ ನಾಲ್ಕು ಹೆಜ್ಜೆ ದೂರದಲ್ಲಿ, ಕಂತೆ ಕೊಡು, ಕಂತೆ ತಗೋ ಎಂಬಷ್ಟರಲ್ಲೇ ದಿನ ದೂಡಿದರು.

ಮೂರು ತಿಂಗಳ ಪರೀಕ್ಷೆಯ ವರದಿ ತೆಗೆದುಕೊಂಡು ಅವಳು ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಬಂದಳು. ಅವನು ಹಿತ್ತಿಲಲ್ಲಿ ಒಬ್ಬನೇ ಊಟದ ಡಬ್ಬಿ ತೊಳೆಯುತ್ತಿದ್ದ.

"ಇಲ್ಲ ಅಂತ ಬಂತು ಮಾಮ. ಕೊನೇದು. ಇನ್ನು ಪರೀಕ್ಷೆ ಬೇಡವಂತೆ."

ಅವನು ಡಬ್ಬಿಯನ್ನು ಕೆಳಗಿಟ್ಟು ಮೂಟೆಯ ಮೇಲೆ ಕುಸಿದು ಕೂತ. ಮಡಿಸಲಾರದ ಆ ಕೈಯಿಂದಲೇ ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗಾಡುವುದು ಅವಳಿಗೆ ಕಂಡಿತು. ಈ ಮೂರು ತಿಂಗಳು ತನ್ನಷ್ಟು ಹೆದರಿದವರು ಯಾರೂ ಇಲ್ಲ ಎಂದು ಅವಳು ತಿಳಿದಿದ್ದಳು. ಈಗ ನೋಡಿದರೆ ಲೆಕ್ಕ ತಪ್ಪಿತ್ತು. ಅವಳಿಗೆ ಗಂಡನಿದ್ದ, ನೆಗಡಿಯ ಸಮಾಲೋಚಕಿ ಇದ್ದರು. ಇವನು ಒಬ್ಬನೇ ಎಣಿಸಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಯಾರ್ಯಾರಿಗೆ ಗೊತ್ತು?"

"ನನ್ನ ಗಂಡನಿಗೆ. ಅವರ ಬಾಯಿಂದ ಮಾತು ಬರಿಸೋಕೆ ಸ್ಪ್ಯಾನರ್ ಬೇಕು."

ಅವನು ಸಣ್ಣಗೆ ನಕ್ಕ. ಆಮೇಲೆ ಅವಳತ್ತ ತಿರುಗಿದ. "ನನಗೆ ಹೇಗೆ ಬಂತು ಅಂತ ನೀನು ಕೇಳಲೇ ಇಲ್ಲ. ಗೊತ್ತಾದವರು ಯಾರೇ ಆಗಲಿ, ಮೊದಲು ಅದನ್ನೇ ಕೇಳ್ತಾರೆ. ಡಾಕ್ಟರೂ."

ಅವಳು ನಿಜವನ್ನೇ ಹೇಳಿದಳು. "ನನಗೆ ನನ್ನ ಹೆದರಿಕೆಯಲ್ಲಿ ನಿಮ್ಮದನ್ನ ಕೇಳೋಕೆ ಪುರುಸೊತ್ತಾಗಲಿಲ್ಲ ಮಾಮ."

"ಈಗ ಆಗಿದೆಯಲ್ಲ."

ಅವಳು ಯೋಚಿಸಿದಳು. ಕುತೂಹಲ ಇರಲಿಲ್ಲ ಅಂತಲ್ಲ. "ಬೇಡ. ಹೇಳಬೇಕು ಅನ್ನಿಸಿದ ದಿನ ನೀವೇ ಹೇಳಿ."

ಒಳಗೆ ಮೇಸ್ತ್ರಿ ಕೂಗಿದ, ನಿಘಂಟಿನ ಎರಡನೇ ಸಂಪುಟದ ಹಾಳೆ ಬಂದಿದೆ, ಸಂಜೆಯೊಳಗೆ ಆರು ಪ್ರತಿಯಾದರೂ ಆಗಬೇಕು ಎಂದು. ಅಳತೆ ಮಾಮ ಡಬ್ಬಿಯ ಮುಚ್ಚಳ ಹಾಕಲು ಒದ್ದಾಡುತ್ತಿದ್ದ. ಅವಳು ಅದನ್ನು ತಗೊಂಡು ಒತ್ತಿ ಮುಚ್ಚಿ ಕೊಟ್ಟಳು, ಇಬ್ಬರೂ ಒಳಗೆ ಹೋದರು.